ಕಂತಿನ ದಿನ ಬರುತ್ತಿದ್ದವರು

ಹೋದ ವಾರ ಮನೆ ಮುಂದೆ ಹೊಸ ಲಾರಿ ಬಂದು ನಿಂತಾಗ ನೀವೆಲ್ಲ ಶಾಲೆಯ ಚೀಲ ಬಿಸಾಕಿ ಓಡಿದಿರಿ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟದ್ದು ದೊಡ್ಡವನು, ಗಾಜಿಗೆ ಕುಂಕುಮ ಹಚ್ಚಿದ್ದು ಸಣ್ಣವಳು. ನಾನು ಬಾಗಿಲಲ್ಲೇ ನಿಂತು ನೋಡಿದೆ. ಸಾಲ ಕೊಟ್ಟವರು ಯಾರು ಎಂದು ನಿಮ್ಮಪ್ಪನನ್ನು ಕೇಳಿದರೆ ಯಾವುದೋ ಕಂಪನಿಯ ಹೆಸರು ಹೇಳಿದ. ಕಂಪನಿ ಸರಿ, ಮನುಷ್ಯರು ಯಾರು ಎಂದು ಕೇಳಿದೆ. "ಮನುಷ್ಯರು ಯಾರೂ ಇಲ್ಲವ್ವ, ಎಲ್ಲಾ ಫೋನಿನಾಗ ಆತು. ಕಂತು ಬ್ಯಾಂಕಿನಾಗ ತಾನ ಕಟ್ ಆಕ್ಕತಿ" ಎಂದ.

ಅವತ್ತೇ ಮಧ್ಯಾಹ್ನ ಉಣ್ಣುತ್ತಾ ಕೂತಾಗ ಅವನಿಗೆ ನೆನಪಾಯಿತು. "ಅವ್ವಾ, ನಮ್ಮ ಕಂತಿನ ಸಾಬ್ರು ತೀರ್ಕೊಂಡ್ರಂತ. ಸಿಂಧನೂರಾಗ, ಮಗಳ ಮನ್ಯಾಗ. ಶೋರೂಮಿನವ್ರು ಹೇಳಿದ್ರು." ನಾನು ಮಜ್ಜಿಗೆ ತರುವ ನೆಪ ಮಾಡಿ ಎದ್ದೆ. ಸಣ್ಣವಳು "ಯಾರಜ್ಜಿ ಅವರು?" ಎಂದು ಕೇಳಿದಳು. "ನಿಮ್ಮಜ್ಜನ ಕೂಡ ಜಗಳ ಆಡ್ತಿದ್ರು" ಎಂದೆ. ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ನನಗೆ ಮಾತು ಕಡಿಮೆ ಎಂಬುದು ನಿಮಗೆ ಗೊತ್ತು. ನನ್ನ ತವರೂರು ಇಟ್ಟಿಗಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದೆ. ಮಾಸ್ತರರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ತಲೆ ತಗ್ಗಿಸುತ್ತಿದ್ದೆ. ಪಾಟಿಯ ಮೇಲೆ ಬರೆ ಎಂದರೆ ಬರೆಯುತ್ತಿದ್ದೆ. ಈಗಲೂ ನನಗೆ ಅದೇ ಸರಿ. ಆ ಕಂತಿನ ಸಾಬ್ರ ಹೆಸರನ್ನು ನಾನು ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. ಇಲ್ಲಿಯೂ ಬರೆಯುವುದಿಲ್ಲ.

ಆಗ ಹರಪನಹಳ್ಳಿ ಪೇಟೆಯಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲಂತಸ್ತಿನಲ್ಲಿ, ಸಣ್ಣ ಫೈನಾನ್ಸ್ ಕಚೇರಿ ಇತ್ತು. ಲಾರಿ, ಟ್ರ್ಯಾಕ್ಟರುಗಳಿಗೆ ಸಾಲ ಕೊಡುತ್ತಿದ್ದರು. ಅವರು ಅಲ್ಲಿ ಕೆಲಸಕ್ಕಿದ್ದರು. ಸಾಲದ ಕಾಗದ ಮಾಡಿಸುವವರೂ ಅವರೇ, ತಿಂಗಳು ತಿಂಗಳು ಮನೆಗೆ ಬಂದು ಕಂತು ಒಯ್ಯುವವರೂ ಅವರೇ. ತೆಳ್ಳಗೆ ಎತ್ತರಕ್ಕೆ ಇದ್ದರು. ಇಸ್ತ್ರಿ ಮಾಡಿದ ಅಂಗಿ, ಕಾಲಲ್ಲಿ ಮಾತ್ರ ಸವೆದ ಹವಾಯಿ ಚಪ್ಪಲಿ. ಗಡ್ಡಕ್ಕೆ ಮೆಹಂದಿ ಹಚ್ಚಿ ಹಚ್ಚಿ ಅದು ಹೊಸ ಹುಣಸೆಹಣ್ಣಿನ ಬಣ್ಣಕ್ಕೆ ಬಂದಿತ್ತು.

ಕಂತಿನವರು ಬಂದರೆ ಓಣಿಗೆಲ್ಲ ಗೊತ್ತಾಗುತ್ತದೆ. ಬೈಕನ್ನು ಬಾಗಿಲಿಗೆ ಅಡ್ಡ ನಿಲ್ಲಿಸಿ, ಹಾರ್ನ್ ಹೊಡೆದು, "ಅದಾರೇನ್ರಿ ಮನ್ಯಾಗ?" ಎಂದು ಕೂಗುತ್ತಾರೆ. ಇವರು ಓಣಿಯ ತಿರುವಿನಲ್ಲೇ ಎಂಜಿನ್ ಆರಿಸಿ ಬೈಕನ್ನು ತಳ್ಳಿಕೊಂಡು ಬರುತ್ತಿದ್ದರು. ಕೈಯಲ್ಲಿ ಶೇಂಗಾದ ಪೊಟ್ಟಣವೋ ಬಾಳೆಹಣ್ಣೋ ಇರುತ್ತಿತ್ತು. ನೋಡಿದವರು ಪರಿಚಯದವರು ಯಾರೋ ಬಂದರು ಅಂದುಕೊಳ್ಳಬೇಕು. ಕಟ್ಟೆಯ ಮೇಲೆ ಕೂತ ಮೇಲೂ ಕಂತು ಎಂಬ ಶಬ್ದ ಎತ್ತುತ್ತಿರಲಿಲ್ಲ. "ಯಜಮಾನ್ರ, ಈ ಸಲ ಮೆಕ್ಕೆಜ್ವಾಳ ಹೆಂಗೈತಿ?" ಎಂದು ಕೇಳಿದರೆ ಅದೇ ಕಂತು ಕೇಳಿದಂತೆ. ನಿಮ್ಮಜ್ಜ "ಚಲೋ ಐತ್ರಿ" ಎಂದರೆ ದುಡ್ಡು ತಯಾರಿದೆ. "ಮೋಡ ಆಗೈತಿ ನೋಡ್ರಿ" ಎಂದರೆ ಇನ್ನೊಂದು ವಾರ ಬಿಟ್ಟು ಬರ್ರಿ ಎಂದು ಅರ್ಥ. ಕಡು ಬೇಸಿಗೆಯಲ್ಲೂ ನಮ್ಮ ಮನೆಯಲ್ಲಿ ಎಷ್ಟೋ ಸಲ ಮೋಡವಾಗಿದೆ.

ನಿಮ್ಮಜ್ಜ ಬೇರೆಯವರ ಲಾರಿ ಓಡಿಸಿಯೇ ತಲೆ ನರೆಸಿಕೊಂಡವರು. ತಮ್ಮದೇ ಒಂದು ಗಾಡಿ ಬೇಕೆಂದು ಅವರಿಗೆ ಬಹಳ ಆಸೆಯಿತ್ತು. ಸಾಲ ಕೊಡುವ ಮೊದಲು ಮನೆ ನೋಡಲು ಇವರು ಬಂದರು. ಹೊಲದ ಕಾಗದ, ಜಾಮೀನು ಎಲ್ಲ ನೋಡಿ, ಪೆನ್ನಿಗೆ ಮುಚ್ಚಳ ಹಾಕಿ ಕೇಳಿದರು, "ಒಳಗಿನವ್ರು ಏನಂತಾರ?"

"ಆಕಿ ಏನಂತಾಳ್ರಿ? ಆಕಿ ಮಾತಾಡಾಕಿ ಅಲ್ಲ."

"ಮಾತು ಬ್ಯಾಡ್ರಿ. ಒಳಗಿನವ್ರಿಗೆ ಮನಸಿಲ್ಲದ ಗಾಡಿ ನಾ ಭಾಳ ನೋಡೇನಿ. ಎಷ್ಟು ಡೀಸೆಲ್ ಹಾಕಿದ್ರೂ ಓಡಾಂಗಿಲ್ಲ. ಒಪ್ಪಿಗಿ ಇದ್ರ ಬಳಿ ಸದ್ದು ಮಾಡ್ಲಿ, ಸಾಕು."

ನಾನು ಬಾಗಿಲ ಹಿಂದೆ ಇದ್ದೆ. ಲಾರಿ, ಸಾಲ ಎರಡಕ್ಕೂ ನನಗೆ ಹೆದರಿಕೆಯಿತ್ತು. ಆದರೆ ಆ ಮಧ್ಯಾಹ್ನ ನಿಮ್ಮಜ್ಜನ ಮುಖ ಹೇಗಿತ್ತೆಂದರೆ, ಇಲ್ಲ ಅನ್ನಲು ಆಗುತ್ತಿರಲಿಲ್ಲ. ಬಳೆ ಸದ್ದಾಗುವಂತೆ ಕೈ ಅಲ್ಲಾಡಿಸಿದೆ. "ಆತ್ರಿ" ಎಂದು ಅವರು ಕಾಗದದ ಮೇಲೆ ಗುರುತು ಹಾಕಿಕೊಂಡರು. ಮನೆಯ ಹೊರಗಿನವರೊಬ್ಬರು ನನ್ನ ಅಭಿಪ್ರಾಯ ಕೇಳಿದ್ದು ಅದೇ ಮೊದಲು.

ಲಾರಿ ಬಂತು. ನೀವು ನೋಡಿದ ಹಾಗೆ ಬರಲಿಲ್ಲ. ಆಗೆಲ್ಲ ಲಾರಿಯನ್ನು ಬರೀ ಚಾಸಿಯಾಗಿ ಕೊಳ್ಳುವುದು ರೂಢಿ. ಮುಂದೆ ಎಂಜಿನ್ನು, ಸ್ಟೇರಿಂಗು. ಹಿಂದೆ ಉದ್ದನೆಯ ಎರಡು ಕಬ್ಬಿಣದ ತೊಲೆ, ಚಕ್ರ. ಕೂರಲು ಸೀಟಿಲ್ಲ, ತಲೆಯ ಮೇಲೆ ಸೂರಿಲ್ಲ. ಅದರ ಮೇಲೆ ಕಟ್ಟಿಗೆಯ ಪೆಟ್ಟಿಗೆ ಇಟ್ಟು, ಗೋಣಿಚೀಲ ಹಾಸಿ, ಮುಖಕ್ಕೆ ಟವೆಲ್ ಸುತ್ತಿಕೊಂಡು ದಾವಣಗೆರೆಯಿಂದ ನಿಮ್ಮಜ್ಜ ಓಡಿಸಿಕೊಂಡು ಬಂದರು. ಪಕ್ಕದಲ್ಲಿ ಇನ್ನೊಂದು ಗೋಣಿಚೀಲದ ಮೇಲೆ ಇವರು. ಇಸ್ತ್ರಿ ಅಂಗಿ ಕೆಂಪು ಮಣ್ಣಾಗಿತ್ತು, ಗಡ್ಡದಲ್ಲಿ ಹುಲ್ಲುಕಡ್ಡಿ ಸಿಕ್ಕಿತ್ತು. ಇಳಿದವರು ಮದುವೆಯಿಂದ ಬಂದವರ ಹಾಗೆ ನಗುತ್ತಿದ್ದರು.

ಆ ಚಾಸಿಗೆ ಬಾಡಿ ಕಟ್ಟಿಸುವುದು ಬೇರೆ ಕೆಲಸ, ಅದರ ಖರ್ಚೂ ಬೇರೆ. ಸಾಲದಲ್ಲಿ ಅದೂ ಸೇರಿದೆ ಎಂದು ನಿಮ್ಮಜ್ಜ ತಿಳಿದಿದ್ದರು. ಇಷ್ಟು ವರ್ಷ ಲಾರಿ ಓಡಿಸಿದವರಿಗೆ ಅದನ್ನು ಬಿಡಿಸಿ ಹೇಳುವುದೇನು ಎಂದು ಇವರು ತಿಳಿದಿದ್ದರು. ಒಬ್ಬರು ಕೇಳಲಿಲ್ಲ, ಇನ್ನೊಬ್ಬರು ಹೇಳಲಿಲ್ಲ. ಮೆಕ್ಕೆಜೋಳದ ಸುಗ್ಗಿ ಬರುವವರೆಗೆ ಆ ಚಾಸಿ ನಮ್ಮ ಮನೆ ಮುಂದೆ ಹಾಗೇ ನಿಂತಿತು. ಪಕ್ಕದ ಮನೆಯಾಕೆ ದಿನಾ ನೀರು ಚೆಲ್ಲುವಾಗ ಕೇಳುತ್ತಿದ್ದಳು, "ಏನ್ರೀ, ಲಾರಿ ಒಣಗಾಕ ಹಾಕೀರೇನು?"

ಒಂದು ಚೀಲ ಹೊರದ ಗಾಡಿಗೂ ಕಂತು ಮಾತ್ರ ಶುರುವಾಗಿತ್ತು. ಇವರು ಬಂದರೆ ಬೈಕನ್ನು ಇನ್ನೂ ದೂರದಿಂದಲೇ ತಳ್ಳಿಕೊಂಡು ಬರುವರು. "ಇದರಾಗ ನಂದೂ ತಪ್ಪೈತ್ರಿ" ಎನ್ನುವರು. ನಿಮ್ಮಜ್ಜನಿಗೆ ಅವರ ಮೇಲೆ ಸಿಟ್ಟಿತ್ತು, ತಮ್ಮ ಮೇಲೆ ನಾಚಿಕೆಯಿತ್ತು. ಇಬ್ಬರೂ ಚಾಸಿಯ ಎರಡು ತೊಲೆಗಳ ಮೇಲೆ ಎದುರುಬದುರು ಕೂತು, ನಡುವಿನ ಎಂಜಿನ್ನು ನೋಡುತ್ತಿದ್ದರು. ಎಂಜಿನ್ನು ಹೊಚ್ಚ ಹೊಸದು, ಕಣ್ಣ ಮುಂದೆ ಬಿಚ್ಚಿಟ್ಟ ಹಾಗೆ ಕಾಣುತ್ತಿತ್ತು. ಒಂದು ದಿನ ಇವರು ಅದರ ಟರ್ಬೋದ ಮೇಲೆ ಕೈ ಸವರಿ, "ಇದನ್ನ ಕಾರಿಗೆ ಹಾಕಿದ್ರ ಹೆಂಗ ಹಾರ್ತತಿ ಗೊತ್ತೇನ್ರಿ?" ಎಂದರು.

"ಕಾರಿಗೆ ಇದು ಯಾಕ ಬೇಕ್ರಿ?" ಎಂದರು ನಿಮ್ಮಜ್ಜ.

ಜಗಳ ಅಲ್ಲಿಂದ ಹುಟ್ಟಿತು.

ಅವರಿಬ್ಬರೂ ವಾದ ಮಾಡುತ್ತಿದ್ದದ್ದು ರೇಸಿನ ಕಾರುಗಳ ಎಂಜಿನ್ನಿನ ಬಗ್ಗೆ. ಅಂಥ ಕಾರಿನಲ್ಲಿ ಇಬ್ಬರೂ ಕೂತವರಲ್ಲ, ಮುಟ್ಟಿದವರೂ ಅಲ್ಲ. ನಿಮ್ಮಜ್ಜನ ಮತ ದೊಡ್ಡ ಎಂಜಿನ್ನಿಗೆ. ಸಿಲಿಂಡರ್ ಹೆಚ್ಚಿರಬೇಕು, ತನ್ನ ಉಸಿರು ತಾನೇ ಎಳೆದುಕೊಳ್ಳಬೇಕು. ಇವರ ಮತ ಟರ್ಬೋಗೆ. ಎಂಜಿನ್ನು ಸಣ್ಣದಿದ್ದರೂ ಸರಿ, ಅದರ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ ಗಾಳಿಯನ್ನು ಒಳಗೆ ತುಂಬಿದರೆ ಅದು ದೊಡ್ಡದನ್ನು ಸೋಲಿಸುತ್ತದೆ. ಆ ಚಕ್ರ ತಿರುಗಿ ಗಾಳಿ ತುಂಬಲು ಮಾತ್ರ ಒಂದು ಗಳಿಗೆ ತಡ.

"ನಿಮ್ಮ ಟರ್ಬೋ ಹೆಂಗ ಗೊತ್ತೇನ್ರಿ?" ಎನ್ನುವರು ನಿಮ್ಮಜ್ಜ. "ಕಾಲು ಒತ್ತಿದ ಮ್ಯಾಗ ಅದು ಏಳಬೇಕು, ಮುಖ ತೊಳ್ಕೋಬೇಕು, ಚಾ ಕುಡೀಬೇಕು, ಆಮ್ಯಾಲೆ ಬರಬೇಕು. ನಮ್ಮದು ಕರದ್ರ ಓ ಅಂತತಿ."

"ಓ ಅಂತತಿ ಖರೆ. ಪೆಟ್ರೋಲ್ ಬಂಕಿನಾಗ ಮನಿ ಬರಕೊಡು ಅಂತನೂ ಅಂತತಿ."

"ರೇಸ್ ಬಿಡಾವ ಪೆಟ್ರೋಲ್ ಲೆಕ್ಕ ಹಾಕ್ತಾನೇನ್ರಿ?"

"ಹಂಗಾರ ನಿಮ್ಮ ಲಾರ್ಯಾಗ ಟರ್ಬೋ ಯಾಕೈತಿ? ಕಿತ್ತು ಕೊಡ್ರಿ, ನಾ ಒಯ್ತೇನಿ."

"ಲಾರಿ ಹೊಟ್ಟಿಪಾಡಿಗೆ. ಕಾರು ಖುಷಿಗೆ. ಖುಷಿ ತಡ ಮಾಡಿ ಬರಬಾರದು ನೋಡ್ರಿ."

ಹೀಗೆ ಚಹಾ ಆರಿಹೋಗುವುದು, ಮಂಡಕ್ಕಿ ಮೆತ್ತಗಾಗುವುದು. ಬಾಗಿಲ ಹಿಂದೆ ಅಕ್ಕಿ ಆರಿಸುತ್ತಾ ನಾನು ಕೇಳುತ್ತಿದ್ದೆ. ಮೊದಮೊದಲು ತಿಳಿಯುತ್ತಿರಲಿಲ್ಲ. ಆಮೇಲೆ ನಿಮ್ಮಜ್ಜ ಮುಂದೆ ಏನು ಹೇಳುತ್ತಾರೆ ಎಂಬುದು ಅವರು ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಾಗುತ್ತಿತ್ತು.

ಬಾಡಿಯೂ ಆಯಿತು. ನಿಮ್ಮಜ್ಜ ಇನ್ನೊಬ್ಬರ ಲಾರಿ ಹತ್ತಿ ಒಂದಿಷ್ಟು ದುಡಿದರು. ಉಳಿದದ್ದನ್ನು ಸುಗ್ಗಿಯ ಮೇಲೆ ತೆಗೆದುಕೊಳ್ಳುವಂತೆ ಬಾಡಿ ಕಟ್ಟುವವರನ್ನು ಇವರೇ ಒಪ್ಪಿಸಿದರು. ಲಾರಿ ಮೆಕ್ಕೆಜೋಳ ಹೊತ್ತು ನಾಮಕ್ಕಲ್ಲಿನ ಕೋಳಿ ಫಾರಮ್ಮುಗಳಿಗೆ ಹೋಗತೊಡಗಿತು. ತೊಲೆ ಹೋಗಿ ಕಟ್ಟೆ ಬಂತು, ಜಗಳ ಹಾಗೇ ಉಳಿಯಿತು. ರಂಜಾನ್ ತಿಂಗಳಲ್ಲಿ ಮಾತ್ರ ಬಿಡುವು. ಇವರು ನೀರೂ ಕುಡಿಯುತ್ತಿರಲಿಲ್ಲವಲ್ಲ. "ಉಪವಾಸದಾಗ ಇದ್ದಾರ ಕೂಡ ವಾದ ಮಾಡಿ ಗೆದ್ರ ಅದು ಗೆದ್ದಂಗಲ್ಲ" ಎಂದು ನಿಮ್ಮಜ್ಜ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದರು. ಹಬ್ಬದ ಮರುದಿನ ಸುರ್‌ಕುಂಬಾ ಪಾಯಸದ ಡಬ್ಬಿ ಹಿಡಿದು ಬಂದವರು ಅದನ್ನು ಕೆಳಗಿಡುವ ಮೊದಲೇ, "ಒಂದು ತಿಂಗಳ ಬಾಕಿ ಐತಿ, ಕುಂದರ್ರಿ" ಎನ್ನುತ್ತಿದ್ದರು.

ಇವರಿಗೆ ಈ ಹುಚ್ಚು ಹತ್ತಿದ್ದು ಕೊಯಮತ್ತೂರಿನಲ್ಲಂತೆ. ಕಂತು ನಿಲ್ಲಿಸಿದ ಕೊಟ್ಟೂರು ಕಡೆಯವನೊಬ್ಬನ ಲಾರಿ ಅಲ್ಲಿದೆಯೆಂದು ತಿಳಿದು, ಅದನ್ನು ಎಳೆದು ತರಲು ಕಚೇರಿಯವರು ಇವರನ್ನು ಕಳಿಸಿದರು. ಹುಡುಕಿಕೊಂಡು ಹೋದರೆ ಲಾರಿ ಒಂದು ದೊಡ್ಡ ಕಾಂಪೌಂಡಿನ ಪಕ್ಕ ನಿಂತಿತ್ತು. ಕಾಂಪೌಂಡಿನ ಆ ಕಡೆ ರೇಸು ನಡೆದಿತ್ತು. "ಸದ್ದು ಕೇಳಿ ನನ್ನ ಎದಿ ನಡುಗಿಬಿಡ್ತು ಯಜಮಾನ್ರ. ಗ್ವಾಡಿಗೆ ಕಿವಿ ಇಟ್ಟು ನಿಂತೆ. ಮಗ್ಗಲಾಗ ಇನ್ನೊಬ್ಬ ಹಂಗ ಕಿವಿ ಇಟ್ಟು ನಿಂತಾನ. ನೋಡಿದ್ರ ಅವನ ಆ ಗಾಡಿ ಓನರ್." ಸಂಜೆಯವರೆಗೆ ಇಬ್ಬರೂ ಅಲ್ಲೇ ನಿಂತರಂತೆ. ಆಮೇಲೆ ಗಾಡಿ ಎಳೆಯಲು ಮನಸ್ಸು ಬರಲಿಲ್ಲ. ಒಂದು ತಿಂಗಳ ಗಡುವು ಕೊಟ್ಟು ಬರಿಗೈಯಲ್ಲಿ ಬಂದು ಕಚೇರಿಯಲ್ಲಿ ಬೈಸಿಕೊಂಡರು. ಆ ಸದ್ದು ಟರ್ಬೋದ್ದೋ ದೊಡ್ಡ ಎಂಜಿನ್ನಿನದೋ ಎಂದು ನಿಮ್ಮಜ್ಜ ಕೇಳಿದರೆ ಮಾತ್ರ ಕೆಮ್ಮುತ್ತಿದ್ದರು. ಗೋಡೆಯ ಆಚೆ ಇದ್ದದ್ದನ್ನು ಅವರು ನೋಡಿರಲಿಲ್ಲ.

ನಿಮ್ಮಜ್ಜ ಹೋದದ್ದು ಮೆಕ್ಕೆಜೋಳದ ಸುಗ್ಗಿಯಲ್ಲಿ. ಲೋಡು ಮುಗಿಸಿ ಬಂದು ಎದೆನೋವು ಎಂದು ಮಲಗಿದವರು ಏಳಲಿಲ್ಲ. ಲಾರಿಯ ಕಂತು ಇನ್ನೂ ಎರಡು ವರ್ಷದಷ್ಟು ಇತ್ತು. ನಿಮ್ಮಪ್ಪ ಓದು ಬಿಟ್ಟು ಸ್ಟೇರಿಂಗ್ ಹಿಡಿದ.

ಮುಂದಿನ ಕಂತಿನ ದಿನ ಇವರು ಬಂದರು. ನಿಮ್ಮಪ್ಪ ಊರಲ್ಲಿ ಇರಲಿಲ್ಲ. ಕಟ್ಟೆಯ ಒಂದು ತುದಿಗೆ ಕೂತರು. ನಿಮ್ಮಜ್ಜ ಕೂರುತ್ತಿದ್ದ ಜಾಗವನ್ನು ಹಾಗೇ ಬಿಟ್ಟರು. ಹೊಸ್ತಿಲ ಒಳಗಿನಿಂದಲೇ ನಾನು ತಟ್ಟೆ ಸರಿಸಿದೆ. ಅದರಲ್ಲಿ ಹಣವಿತ್ತು, ಚಹಾ ಇತ್ತು. ಅವರು ರಸೀದಿ ಬರೆದು ತಟ್ಟೆಯಲ್ಲಿಟ್ಟರು. ಚಹಾ ಕುಡಿದರು. ನಂತರ ರೂಢಿ ಬಲದಿಂದ, ಬೀದಿಯ ಕಡೆ ನೋಡುತ್ತಾ ಹೇಳಿಬಿಟ್ಟರು, "ಹೊಸಾ ಟರ್ಬೋ ಬಂದೈತಂತ. ತಡ ಅನ್ನೋದ ಇಲ್ಲಂತ."

ಹೇಳಿ, ಎಂದಿನಂತೆ ಉತ್ತರಕ್ಕೆ ಕಾದರು. ಆಮೇಲೆ ನೆನಪಾಗಿ ತಲೆ ತಗ್ಗಿಸಿದರು.

ನನ್ನ ಕೈಯಲ್ಲಿ ಬಳೆ ಇರಲಿಲ್ಲ. ಬಾಗಿಲ ಹಿಂದೆ ನಾನಿದ್ದೇನೋ ಇಲ್ಲವೋ ಅವರಿಗೆ ತಿಳಿಯುವಂತಿರಲಿಲ್ಲ. ಅವರು ಚಪ್ಪಲಿಗೆ ಕಾಲು ಹಾಕುವ ಸದ್ದು ಕೇಳಿಸಿತು. ಆಗ ನನಗೆ ಗೊತ್ತಿಲ್ಲದಂತೆ ಬಾಯಿಂದ ಬಂತು. "ಎಷ್ಟು ಹೊಸಾದು ಬಂದ್ರೂ ಅದು ಎದ್ದು ಮುಖ ತೊಳ್ಕೊಂಡ ಬರಬೇಕಲ್ರಿ."

ಅವರು ತಿರುಗಿ ನೋಡಲಿಲ್ಲ. ಚಪ್ಪಲಿ ಕಳಚಿದರು. ಮತ್ತೆ ಕೂತರು. "ಅದು ಹಳೇ ಮಾತಾತ್ರಿ ಯಜಮಾನ್ರ" ಎಂದರು, ಪಕ್ಕದ ಖಾಲಿ ಜಾಗಕ್ಕೆ.

ಅವತ್ತಿನಿಂದ ತಿಂಗಳಿಗೊಮ್ಮೆ ಆ ಕಟ್ಟೆಯ ಮೇಲೆ ಜಗಳ ಮತ್ತೆ ಶುರುವಾಯಿತು. ಅವರು ಹೊರಗೆ, ನಾನು ಬಾಗಿಲ ಹಿಂದೆ. ನಿಮ್ಮಜ್ಜನ ಮಾತುಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. ಯಾವುದಕ್ಕೆ ಯಾವುದು ಎಂದು ಹುಡುಕಿ ಹೇಳುತ್ತಿದ್ದೆ. ಹೇಳುವಾಗ ಅವರ ದನಿಯ ಏರಿಳಿತವೂ ನನ್ನ ದನಿಯಲ್ಲಿ ಬರುತ್ತಿತ್ತು. ತಿಂಗಳ ಉಳಿದ ದಿನಗಳಲ್ಲಿ ಮನೆಯಲ್ಲಿ ನಿಮ್ಮಜ್ಜ ಎಲ್ಲಿಯೂ ಇರುತ್ತಿರಲಿಲ್ಲ. ಆ ಒಂದು ಸಂಜೆ ಇರುತ್ತಿದ್ದರು.

ಒಂದು ಸಲ ನಿಮ್ಮಜ್ಜನ ಮಾತು ಸಾಲದೆ ನನ್ನದೇ ಒಂದು ಸೇರಿಸಿದೆ. "ಊದುಗೊಳವಿ ಊದಿದ್ರ ಉರಿ ಜೋರ ಆಕ್ಕತಿ, ಖರೆ. ಊದಾಕ ಉಸಿರು ಯಾರದು?"

"ಹೊಗೀದ ಉಸಿರು ಅಲ್ಲೇನ್ರಿ."

"ಕಣ್ಣಾಗ ನೀರು ತರಿಸೋ ಹೊಗಿ ಕೆಲಸಕ್ಕ ಬರ್ತತಿ ಅಂದ್ರ ನಾ ನಂಬಾಂಗಿಲ್ಲ. ಇಷ್ಟು ವರ್ಷ ಒಲಿ ಮುಂದ ಕುಂತೇನಿ."

ಅವರು ನಕ್ಕರು. "ಇದು ಯಜಮಾನ್ರ ಮಾತಲ್ಲ. ಇದು ನಿಮ್ದು ಅಕ್ಕಾರ" ಎಂದರು. ನನಗೆ ನಾಚಿಕೆಯಾಗಿ ಒಳಗೆ ಹೋಗಿಬಿಟ್ಟೆ. ಆದರೆ ರಾತ್ರಿ ರೊಟ್ಟಿ ಬಡಿಯುವಾಗ ಒಬ್ಬಳೇ ನಗುತ್ತಿದ್ದೆ.

ಅಷ್ಟರಲ್ಲಿ ನಿಮ್ಮಜ್ಜನ ವಿಮೆಯ ಹಣ ಬಂತು. ನಿಮ್ಮಪ್ಪ ಲಾರಿಯ ಸಾಲವನ್ನು ಒಂದೇ ಸಲಕ್ಕೆ ತೀರಿಸಿಬಿಡೋಣ ಎಂದ. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ನಾನು ಬೇಡ ಎಂದೆ.

"ಯಾಕವ್ವ? ಬಡ್ಡಿ ಸುಮ್ನ ಹೋಗ್ತತಿ."

"ಹೋಗ್ಲಿ. ತಿಂಗಳಾ ಕಟ್ಟಿದ್ರಾತು."

ಕಾರಣ ಹೇಳಲಿಲ್ಲ. ಹೇಗೆ ಹೇಳುವುದು? ಸಾಲ ತೀರಿದರೆ ಆ ಮನುಷ್ಯ ನಮ್ಮ ಮನೆಗೆ ಬರಲು ಕಾರಣವೇ ಇರುವುದಿಲ್ಲ. ಗಂಡಸಿಲ್ಲದ ಮನೆಗೆ ಸುಮ್ಮನೆ ಬಂದು ಕೂರುವವರಲ್ಲ ಅವರು. ಬರ್ರಿ ಎಂದು ಕರೆಯುವ ಬಾಯಿ ನನಗಿಲ್ಲ. ಪಕ್ಕದ ಮನೆಯಾಕೆ ಆಗಲೇ, "ಕಂತಿನಾವರ ಕೂಡ ಏನು ಅಷ್ಟೊತ್ತು ಮಾತ್ರಿ?" ಎಂದು ಕೇಳಿದ್ದಳು. "ಲೆಕ್ಕದ ಮಾತು" ಎಂದಿದ್ದೆ. ಇವರೂ ಒಂದು ಸಂಜೆ ಮೆತ್ತಗೆ ಹೇಳಿದರು, "ಅಕ್ಕಾರ, ಮಗ ಹೇಳಿದ. ರೊಕ್ಕ ಬಂದೈತಂತಲ್ಲ, ಮುಗಿಸಿಬಿಡ್ರಿ. ನಾನೂ ಬಡ್ಡಿ ಕಡಿಮಿ ಮಾಡ್ಸಿ ಕೊಡ್ತೇನಿ."

"ಬ್ಯಾಡ್ರಿ ಅಣ್ಣಾರ. ಹೆಂಗ ನಡದೈತಿ ಹಂಗ ನಡೀಲಿ."

ಅವರು ಮತ್ತೆ ಕೇಳಲಿಲ್ಲ. ವಿಮೆಯ ಹಣದಲ್ಲಿ ನಿಮ್ಮ ಸೋದರತ್ತೆಯ ಮದುವೆಯಾಯಿತು. ನಿಮ್ಮಪ್ಪನಿಗೆ ನನ್ನ ಮೇಲಿದ್ದ ಸಿಟ್ಟು ಅಷ್ಟಕ್ಕೆ ಇಳಿಯಿತು.

ಎಷ್ಟೇ ನಿಧಾನ ಮಾಡಿದರೂ ಕಂತು ತೀರುತ್ತದೆ. ತೀರಿದ ವರ್ಷವೇ ಆ ಕಚೇರಿಯನ್ನು ಮುಚ್ಚಿದರು. ಇವರು ಮಗಳ ಊರಿಗೆ ಹೋದರು. ಮತ್ತೆ ನಾನು ಅವರನ್ನು ನೋಡಲಿಲ್ಲ. ಕಟ್ಟೆಯ ಮೇಲೆ ಅವರು ಕೂತ ಕೊನೆಯ ಸಂಜೆಯನ್ನು ಬರೆದು ಮುಗಿಸುತ್ತೇನೆ.

ಅವತ್ತು ಅವರು ಸಾಲ ತೀರಿದ ಕಾಗದವನ್ನು ಲಕೋಟೆಯಲ್ಲಿ ಹಾಕಿ ತಂದಿದ್ದರು. ಅಂಗಡಿಯಿಂದ ಪೇಡೆಯನ್ನೂ ತಂದಿದ್ದರು. ಲೋಟವನ್ನು ಕೈಯಲ್ಲಿ ತಿರುಗಿಸುತ್ತಾ ಕೂತರು. ಟರ್ಬೋ ಸುದ್ದಿ ತೆಗೆಯಲಿಲ್ಲ. ನಾನು ಬಾಗಿಲ ಹಿಂದೆ ಕಾದೆ.

"ಅಕ್ಕಾರ, ಒಂದು ಮಾತು" ಎಂದರು. "ಇಷ್ಟು ವರ್ಷ ನಾ ಸುಮ್ನ ಹಟ ಮಾಡಿದೆ. ಯಜಮಾನ್ರು ಹೇಳಿದ್ದ ಖರೆ. ದೊಡ್ಡ ಎಂಜಿನ್ ಮುಂದ ಟರ್ಬೋ ನಿಲ್ಲಾಂಗಿಲ್ಲ. ಅವರು ಗೆದ್ರು, ನಾ ಸೋತೆ."

ನನಗೆ ಸಮಾಧಾನವಾಗಲಿ ಎಂದು ಹೇಳಿದ್ದು ಅದು. ಪೇಡೆಯಂತೆ ಅದನ್ನೂ ಮನೆಯಿಂದಲೇ ಯೋಚಿಸಿ ತಂದಿದ್ದರು. ಬಾಗಿಲ ಹಿಂದಿನಿಂದ ಹೊಸ್ತಿಲ ಮೇಲೆ ಬಂದು ನಿಂತೆ. ಅಷ್ಟು ವರ್ಷದಲ್ಲಿ ಅವರ ಎದುರಿಗೆ ನಿಂತದ್ದು ಅದೇ ಮೊದಲು.

"ಹಂಗನಬ್ಯಾಡ್ರಿ ಅಣ್ಣಾರ."

"ಯಾಕ್ರಿ? ಖರೆನ ಹೇಳಿದೆ."

"ಖರೆ ಇದ್ರೂ ಬ್ಯಾಡ. ವಾದ ಮುಗೀತು ಅಂದ್ರ ಅವರು ಎದ್ದು ಹೋಗ್ತಾರ."

ಅವರು ನನ್ನನ್ನು ನೋಡಿದರು. ನಂತರ ಪಕ್ಕದ ಜಾಗವನ್ನು ನೋಡಿದರು. ಅಂಗೈಯಿಂದ ಒಮ್ಮೆ ಗಡ್ಡ ಸವರಿಕೊಂಡರು, ಲೋಟ ಕೆಳಗಿಟ್ಟರು, ಗಂಟಲು ಸರಿಮಾಡಿಕೊಂಡು ಬೀದಿಯ ಕಡೆ ತಿರುಗಿದರು.

"ಹಂಗಾರ ಕೇಳ್ರಿ ಯಜಮಾನ್ರ" ಎಂದರು. "ಸೋತೆ ಅಂದಿದ್ದು ವಾಪಸ್ ತಗೊಂಡೇನಿ. ಈಗ ಒಂದ ಎಂಜಿನ್ನಿಗೆ ಎರಡು ಟರ್ಬೋ ಹಾಕ್ಯಾರ. ಒಂದು ಮುಖ ತೊಳಕೊಳ್ಳೋ ಹೊತ್ತಿಗೆ ಇನ್ನೊಂದು ಓಡಿ ಬರ್ತತಿ. ಇದಕ್ಕೇನಂತೀರಿ?"

ನಾನು ಅವರಿಬ್ಬರನ್ನೂ ಮಾತಾಡಲು ಬಿಟ್ಟು, ಇನ್ನೊಂದು ಸಲ ಚಹಾಕ್ಕಿಡಲು ಒಳಗೆ ಹೋದೆ.